ಕಾರಿನ ಕೂಲಿಂಗ್ ಫ್ಯಾನ್ ರಿಲೇ ಎಲ್ಲಿರುತ್ತದೆ, ನಾನೇ ಬದಲಿಸಬಹುದಾ?

ಖಂಡಿತ ನೀವೇ ಬದಲಿಸಬಹುದು. ಗಾಡಿ ಓಡುವಾಗ ಟೆಂಪರೇಚರ್ ಸರಿಯಿರುತ್ತದೆ, ಟ್ರಾಫಿಕ್‌ನಲ್ಲಿ ನಿಂತರೆ ಮುಳ್ಳು ಏರುತ್ತದೆ, ಫ್ಯಾನ್ ತಿರುಗುತ್ತಿಲ್ಲ ಅಂತ ಬರೆದಿದ್ದೀರಿ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗೆ ಮಾಡುತ್ತದೆ, ನಿಂತಾಗ ಫ್ಯಾನ್ ಬೇಕೇ ಬೇಕು. ಫ್ಯಾನ್‌ಗೆ ಕರೆಂಟ್ ಬಿಡುವ ಸಣ್ಣ ಎಲೆಕ್ಟ್ರಿಕ್ ಸ್ವಿಚ್ಚೇ ರಿಲೇ, ಹಾಗಾಗಿ ಅದರ ಮೇಲೆ ಅನುಮಾನ ಬಂದಿದ್ದು ಸರಿ. ಆದರೆ ಈಗಲೇ ಹೊಸದು ತರಬೇಡಿ.

ಬಾನೆಟ್ ಎತ್ತಿದರೆ ಸಾಮಾನ್ಯವಾಗಿ ಬ್ಯಾಟರಿ ಹತ್ತಿರವೇ ಒಂದು ಕಪ್ಪು ಫ್ಯೂಸ್ ಬಾಕ್ಸ್ ಕಾಣುತ್ತದೆ. ಯಾವ ರಿಲೇ ಎಲ್ಲಿದೆ ಅನ್ನುವ ಚಿತ್ರ ಹೆಚ್ಚಾಗಿ ಅದರ ಮುಚ್ಚಳದ ಒಳಗಡೆಯೇ ಇರುತ್ತದೆ. ಫ್ಯಾನ್‌ಗೆ ಎರಡು ಸ್ಪೀಡ್ ಇರುವ ಕಾರುಗಳಲ್ಲಿ ಎರಡು ಮೂರು ರಿಲೇ ಇರಬಹುದು. ಕೆಲವು ಕಾರುಗಳಲ್ಲಿ ಬಿಡಿ ರಿಲೇಯೇ ಇರುವುದಿಲ್ಲ, ಫ್ಯಾನ್ ಜೊತೆಗೇ ಒಂದು ಕಂಟ್ರೋಲ್ ಮಾಡ್ಯೂಲ್ ಇರುತ್ತದೆ, ಹಾಗಾಗಿ ಮ್ಯಾನುಯಲ್ ಒಮ್ಮೆ ನೋಡಿಕೊಳ್ಳಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕೀ ತೆಗೆದು ಕೆಲಸ ಶುರು ಮಾಡಿ. ಫ್ಯಾನ್ ಹತ್ತಿರ ಕೈ ಹಾಕುವುದಿದ್ದರೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ, ಏಕೆಂದರೆ ಎಷ್ಟೋ ಕಾರುಗಳಲ್ಲಿ ಕೀ ಆಫ್ ಇದ್ದರೂ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು.

ಮೊದಲು ಫ್ಯಾನ್ ಫ್ಯೂಸ್ ನೋಡಿ. ಅದು ಚೆನ್ನಾಗಿದ್ದರೆ ಅದೇ ಬಾಕ್ಸಿನಲ್ಲಿ ಅದೇ ನಂಬರಿನ, ಅದೇ ಪಿನ್‌ಗಳ ಇನ್ನೊಂದು ರಿಲೇ ಹುಡುಕಿ, ಎಷ್ಟೋ ಸಲ ಹಾರ್ನ್‌ನದೇ ಹೊಂದುತ್ತದೆ. ಎರಡನ್ನೂ ಅದಲುಬದಲು ಮಾಡಿ, ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಫ್ಯಾನ್ ತಿರುಗಿತಾ? ಹಾಗಿದ್ದರೆ ರಿಲೇ ಹೋಗಿದೆ, ಈಗ ಹಾರ್ನ್ ಬಡಿಯದಿದ್ದರೆ ಅದು ಇನ್ನೂ ಖಚಿತ.

ಆಗಲೂ ತಿರುಗದಿದ್ದರೆ ರಿಲೇ ತೆಗೆದು, ಸಾಕೆಟ್‌ನ 30 ಮತ್ತು 87ನೇ ಜಾಗಗಳನ್ನು ಫ್ಯೂಸ್ ಇರುವ ದಪ್ಪ ವೈರ್‌ನಿಂದ ಒಂದು ಕ್ಷಣ ಜೋಡಿಸಿ ನೋಡಿ (ಸಣ್ಣ ರಿಲೇಗಳಲ್ಲಿ ಇವೇ 3 ಮತ್ತು 5). ನಂಬರ್ ರಿಲೇಯ ಹೊಟ್ಟೆಯ ಮೇಲಿರುತ್ತದೆ, ಸಾಕೆಟ್‌ನಲ್ಲಿ ಅದೇ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ, ಇಲ್ಲಿ ಅವಸರ ಬೇಡ. ಫ್ಯಾನ್ ತಿರುಗಿದರೆ ಮೋಟರ್ ಚೆನ್ನಾಗಿದೆ, ತೊಂದರೆ ಇರುವುದು ರಿಲೇಗೆ ಸಿಗ್ನಲ್ ಕೊಡುವ ಕಡೆ, ಅಂದರೆ ಟೆಂಪರೇಚರ್ ಸೆನ್ಸರ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅಥವಾ ಅದರ ವೈರ್. ತಿರುಗದಿದ್ದರೆ ಮೋಟರ್, ಕನೆಕ್ಟರ್, ಅರ್ಥ್ ವೈರ್ ನೋಡಬೇಕು.

ಹೊಸ ರಿಲೇ ಹಾಕುವ ಮುಂಚೆ ಸಾಕೆಟನ್ನು ಟಾರ್ಚ್ ಬಿಟ್ಟು ನೋಡಿ, ಹೆಚ್ಚಿನವರು ಬಿಡುವುದು ಇದನ್ನೇ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಕರಗಿದ್ದರೆ ಅಲ್ಲಿ ಪಿನ್ ಸಡಿಲವಾಗಿ ಬಿಸಿಯಾಗಿದೆ ಅಂತ ಅರ್ಥ. ಅಲ್ಲಿಗೇ ಹೊಸದನ್ನು ಚುಚ್ಚಿದರೆ ಅದೂ ಸುಡುತ್ತದೆ, ಸಾಕೆಟನ್ನೂ ಬದಲಿಸಿ. ಮೋಟರ್ ಹಳೆಯದಾಗಿ ಬಿಗಿಯಾಗಿದ್ದರೂ ಕರೆಂಟ್ ಜಾಸ್ತಿ ಎಳೆದು ರಿಲೇಯನ್ನು ಸುಡುತ್ತದೆ. ಬ್ಯಾಟರಿ ವೈರ್ ಬಿಚ್ಚಿದ್ದಾಗ ಫ್ಯಾನನ್ನು ಕೈಯಿಂದ ತಿರುಗಿಸಿ, ಸಲೀಸಾಗಿ ತಿರುಗಬೇಕು.

ಹೊಸದು ತರುವಾಗ ಹಳೆಯದನ್ನೇ ಜೊತೆಗೆ ಒಯ್ಯಿರಿ, ಆಂಪಿಯರ್, ಪಿನ್ ಜೋಡಣೆ, ಮೈಮೇಲಿನ ಚಿತ್ರ ಮೂರೂ ಹೊಂದಬೇಕು. ಅಲ್ಲಿಯವರೆಗೆ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ದಯವಿಟ್ಟು ತೆಗೆಯಬೇಡಿ.