ಗುಳೆ ಹೋದವನ ಗ್ರೀನ್ ಕಾರ್ಡ್

ಮಂಡ್ಯ ಜಿಲ್ಲೆಯ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಎರಡು ಹಾಳೆ ತುಂಬಿಸಿ, ಸಾಲದೆ ಅಂಚಿನಲ್ಲೂ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ ಸ್ಟೆಫಾನ್ ಮಾರ್ಬರಿ ಎಂಬ ಬಾಸ್ಕೆಟ್‌ಬಾಲ್ ಆಟಗಾರನಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅಮೆರಿಕದಲ್ಲಿ ಯಾರಿಗೂ ಬೇಡವಾದ ಮೇಲೆ ಚೀನಾಕ್ಕೆ ಗುಳೆ ಹೋದವನು ಅವನು. ಅಲ್ಲಿ ಗೆದ್ದದ್ದೂ ಒಂದು ಗೆಲುವೇ? ಊರ ಕೆರೆಯಲ್ಲಿ ಈಜಿ ಸಮುದ್ರ ದಾಟಿದೆ ಎಂದಂತಾಯಿತು. ಮಕ್ಕಳಿಗೆ ಓದಿಸಲು ಗೆದ್ದವರ ಕಥೆ ಕೊಡಿ ಸ್ವಾಮಿ."

ಮೇಷ್ಟ್ರೇ, ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಲಿ. ಚೀನಾದ ಲೀಗ್ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಸಾಟಿಯಲ್ಲ, ನಿಜ. ಮಾರ್ಬರಿ ಅಲ್ಲಿಗೆ ತಾನಾಗಿ ಆರಿಸಿಕೊಂಡು ಹೋದವನೂ ಅಲ್ಲ. ಅಮೆರಿಕದ ಬಾಗಿಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ಹೋದ. ಅದರಲ್ಲಿ ಅವನ ತಪ್ಪೂ ಬೇಕಾದಷ್ಟಿತ್ತು. ಆಯಿತಲ್ಲ? ಇನ್ನು ನನ್ನ ಸರದಿ.

ನ್ಯೂಯಾರ್ಕಿನ ಕೋನಿ ಐಲೆಂಡಿನ ಸರ್ಕಾರಿ ವಸತಿಗೃಹಗಳಲ್ಲಿ ಬೆಳೆದ ಹುಡುಗ. 1996ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ನಾಲ್ಕನೆಯವನಾಗಿ ಆಯ್ಕೆಯಾದ. ಅದೇ ವರ್ಷ, ಮುಂದೆ ದಂತಕಥೆಯಾದ ಕೋಬಿ ಬ್ರಯಂಟ್ ಆಯ್ಕೆಯಾದದ್ದು ಹದಿಮೂರನೆಯವನಾಗಿ ಎಂದರೆ ಇವನ ಮೇಲಿದ್ದ ನಿರೀಕ್ಷೆ ಎಷ್ಟೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎರಡು ಸಲ ಆಲ್‌ಸ್ಟಾರ್, ಅಂದರೆ ಲೀಗಿನ ಆಯ್ದ ತಾರೆಗಳ ಪಂದ್ಯಕ್ಕೆ ಕರೆ. ಆದರೆ ಮಿನೆಸೋಟಾ, ನ್ಯೂಜೆರ್ಸಿ, ಫೀನಿಕ್ಸ್, ಆಮೇಲೆ ಹುಟ್ಟೂರಿನ ನಿಕ್ಸ್, ಕೊನೆಗೆ ಬಾಸ್ಟನ್ ಎಂದು ತಂಡದಿಂದ ತಂಡಕ್ಕೆ ಅಲೆದ. ಹೋದಲ್ಲೆಲ್ಲ ಒಂದೇ ದೂರು: ಚೆಂಡು ಬಿಟ್ಟುಕೊಡುವುದಿಲ್ಲ, ಯಾರೊಂದಿಗೂ ಹೊಂದುವುದಿಲ್ಲ. ಆಟ ನಡೆಸಬೇಕಾದ ಗಾರ್ಡ್‌ಗೆ ಇದಕ್ಕಿಂತ ಕೆಟ್ಟ ಹೆಸರಿಲ್ಲ. ನಿಕ್ಸ್‌ನಲ್ಲಿ ಕೋಚ್ ಜತೆ ಜಗಳ, ಊರ ಪತ್ರಿಕೆಗಳಲ್ಲಿ ದಿನಾ ಬೈಗುಳ. 2007ರ ಡಿಸೆಂಬರ್‌ನಲ್ಲಿ ಮಗನ ಪಂದ್ಯ ನೋಡಲು ಬಂದಿದ್ದ ಅಪ್ಪನಿಗೆ ಎದೆನೋವು ಬಂತು, ಉಳಿಯಲಿಲ್ಲ. 2009ರ ಹೊತ್ತಿಗೆ ಇಂಟರ್‌ನೆಟ್ಟಿನಲ್ಲಿ ಇಡೀ ದಿನ ನೇರಪ್ರಸಾರಕ್ಕೆ ಕುಳಿತು ವ್ಯಾಸಲೀನ್ ತಿಂದು ತೋರಿಸಿದ. ಜನ ನಕ್ಕರು. ಮನುಷ್ಯ ಒಳಗೇ ಕುಸಿಯುತ್ತಿದ್ದಾನೆಂದು ಹೆಚ್ಚು ಮಂದಿಗೆ ಹೊಳೆದಂತಿಲ್ಲ.

2010ರ ಜನವರಿಯಲ್ಲಿ ಅವನು ಇಳಿದದ್ದು ಶಾನ್‌ಶಿ ಪ್ರಾಂತದ ತೈಯುವಾನ್‌ನಲ್ಲಿ. ಕಲ್ಲಿದ್ದಲಿನ ಸೀಮೆ. ಅಲ್ಲಿಯೂ ನೆಲೆ ನಿಲ್ಲಲಿಲ್ಲ, ಮರುವರ್ಷ ದಕ್ಷಿಣದ ಫೋಶಾನ್‌ಗೆ ಹೋದ, ಅಲ್ಲಿಂದಲೂ ಎದ್ದ. 2011ರಲ್ಲಿ ಬೀಜಿಂಗ್ ಡಕ್ಸ್ ಸೇರಿದಾಗ ಅವನಿಗೆ 34 ವರ್ಷ. ಶೌಗಾಂಗ್ ಎಂಬ ಉಕ್ಕಿನ ಕಂಪನಿಯ ತಂಡ ಅದು. ನಮ್ಮಲ್ಲಿ ಬ್ಯಾಂಕು, ರೈಲ್ವೆ ತಂಡಗಳಿದ್ದ ಹಾಗೆ ಅಂದುಕೊಳ್ಳಿ. ಲೀಗಿನಲ್ಲಿ ಒಮ್ಮೆಯೂ ಚಾಂಪಿಯನ್ ಆಗಿರಲಿಲ್ಲ. 2012ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಹಿಂದಿನ ಎಂಟು ವರ್ಷಗಳಲ್ಲಿ ಏಳು ಸಲ ಗೆದ್ದಿದ್ದ ಗ್ವಾಂಗ್‌ಡಾಂಗ್. ಬೀಜಿಂಗ್ 4–1 ಪಂದ್ಯಗಳಿಂದ ಗೆದ್ದಿತು. ಕೊನೆಯ ಪಂದ್ಯದಲ್ಲಿ ಮಾರ್ಬರಿಯದು 41 ಪಾಯಿಂಟ್. ಆಮೇಲೆ 2014, 2015ರಲ್ಲಿ ಮತ್ತೆ ಗೆದ್ದರು. ಊರವರು ಅವನದೊಂದು ಪ್ರತಿಮೆ ನಿಲ್ಲಿಸಿದರು.

ಪ್ರತಿಮೆ ಬಿಡಿ, ನಮ್ಮಲ್ಲಿ ವೃತ್ತಕ್ಕೊಂದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿ ಅವನಿಗಿದ್ದ ಅಡ್ಡಹೆಸರುಗಳು. ಒಂದು ಲಾವ್ ಮಾ. ಅವನ ಹೆಸರನ್ನು ಚೀನೀ ಭಾಷೆಯಲ್ಲಿ ಬರೆದರೆ ಮೊದಲ ಅಕ್ಷರ 'ಮಾ', ಅಂದರೆ ಕುದುರೆ. ಸಲುಗೆಯಿಂದ ಮುಂದೆ 'ಲಾವ್' ಸೇರಿಸಿದರೆ ಮುದಿ ಕುದುರೆ. ಮುದಿ ಕುದುರೆಗೆ ದಾರಿ ಗೊತ್ತು ಎಂದು ಅವರಲ್ಲೊಂದು ನಾಣ್ಣುಡಿಯೂ ಇದೆ. ಇನ್ನೊಂದು ಹೆಸರು ಇದಕ್ಕಿಂತ ಸೊಗಸು: ಕಮಿಸಾರ್ ಮಾ. ಸೈನ್ಯದ ತುಕಡಿಯಲ್ಲಿ ಹುಡುಗರಿಗೆ ಬುದ್ಧಿ ಹೇಳಿ, ಎದೆಗುಂದದಂತೆ ನೋಡಿಕೊಳ್ಳುವ ಪಕ್ಷದ ಅಧಿಕಾರಿ ಕಮಿಸಾರ್. ಯಾರೊಂದಿಗೂ ಹೊಂದಿಕೊಳ್ಳದವನು ಎಂದು ನ್ಯೂಯಾರ್ಕ್ ಓಡಿಸಿದವನಿಗೆ ಬೀಜಿಂಗ್ ಇಟ್ಟ ಹೆಸರು ಇದು! ಅದೂ ತಂಡದವರ ಭಾಷೆ ಬಾರದವನಿಗೆ. ದುಭಾಷಿಯ ಬಾಯಿಂದ ಬುದ್ಧಿ ಹೇಳಿದರೂ ಕೇಳುತ್ತಾರೆ ಎಂದರೆ ಹೇಳುವವನ ಮಾತಿಗಿಂತ ನಡತೆಯನ್ನು ನೋಡಿಯೇ ಇರಬೇಕು. ನೀವು ಮಕ್ಕಳೊಂದಿಗೆ ಮೈದಾನದಲ್ಲಿ ಬೆಂದವರು, ನಿಮಗೆ ಇದು ಗೊತ್ತು.

ಇದು ಅವನೊಬ್ಬನ ಅದೃಷ್ಟ ಎನ್ನುತ್ತೀರೇನೋ. ಹಾಗಾದರೆ ಜೆ.ಆರ್. ಹೋಲ್ಡನ್‌ನನ್ನು ನೋಡಿ. ಅಮೆರಿಕದ ಪಿಟ್ಸ್‌ಬರ್ಗಿನ ಗಾರ್ಡ್. ಎನ್‌ಬಿಎಯಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಲಾಟ್ವಿಯಾ, ಬೆಲ್ಜಿಯಂ, ಗ್ರೀಸ್ ಸುತ್ತಿ ಮಾಸ್ಕೋದ ಸಿಎಸ್‌ಕೆಎ ತಂಡ ಸೇರಿ ಒಂಬತ್ತು ವರ್ಷ ಅಲ್ಲೇ ಉಳಿದ. 2003ರಲ್ಲಿ ಪುಟಿನ್ ಆದೇಶದಿಂದ ರಷ್ಯಾದ ಪೌರತ್ವ ಸಿಕ್ಕಿತು. 2007ರ ಯುರೋಬಾಸ್ಕೆಟ್, ಅಂದರೆ ಯುರೋಪಿನ ದೇಶಗಳ ಚಾಂಪಿಯನ್‌ಶಿಪ್, ಫೈನಲ್ ಮ್ಯಾಡ್ರಿಡ್‌ನಲ್ಲಿ, ವಿಶ್ವ ಚಾಂಪಿಯನ್ ಸ್ಪೇನ್ ಎದುರು, ಅವರದೇ ಜನದ ನಡುವೆ. ರಷ್ಯಾ ಒಂದು ಪಾಯಿಂಟ್ ಹಿಂದೆ, ಉಳಿದದ್ದು ಎರಡು ಸೆಕೆಂಡು ಚಿಲ್ಲರೆ. ಹೋಲ್ಡನ್ ಎಸೆದ ಚೆಂಡು ರಿಂಗಿಗೆ ತಗುಲಿ, ಕುಪ್ಪಳಿಸಿ, ಒಳಗೆ ಬಿತ್ತು. 60–59. ಮೇಷ್ಟ್ರೇ, ಇದು ಯಾವ ಊರಿನ ಕೆರೆ?

ನಮ್ಮ ಗಂಟಲಲ್ಲಿ ಸಿಕ್ಕಿಕೊಂಡಿರುವ ಮುಳ್ಳು ಬಾಸ್ಕೆಟ್‌ಬಾಲಿನದಲ್ಲ, ಅಮೆರಿಕದ್ದು. ಹೋದ ವರ್ಷ ಸಾಗರದಲ್ಲೊಂದು ಮದುವೆ. ನನ್ನ ಪಕ್ಕದ ಎಲೆಗೆ ಕೂತಿದ್ದವನು ನೆಂಟರ ಹುಡುಗ, ಹನ್ನೊಂದು ವರ್ಷ ನ್ಯೂಜೆರ್ಸಿಯಲ್ಲಿದ್ದು ಬಂದವನು. ಎದುರು ಸಾಲಿನ ಹಿರಿಯರು ಕೇಳಿದರು, "ಮತ್ತೆ ಯಾವಾಗ ಹೊರಡೋದು?" "ಹೋಗಲ್ಲ ಮಾವ, ಬಂದುಬಿಟ್ಟೆ." ಹೋಳಿಗೆಗೆ ತುಪ್ಪ ಬಡಿಸುವವನನ್ನು ಕೈಯಲ್ಲೇ ತಡೆದು ಅವರು ದನಿ ತಗ್ಗಿಸಿದರು: "ಏನಾಯ್ತಪ್ಪಾ? ಕೆಲಸ ಹೋಯ್ತಾ?" ಹುಡುಗ ಹೂಂ ಅಂದ. ಕೈ ತೊಳೆಯುವಾಗ ವಿಚಾರಿಸಿದೆ. ಕೆಲಸ ಎಲ್ಲೂ ಹೋಗಿರಲಿಲ್ಲ, ಇವನೇ ಬಿಟ್ಟು ಬಂದಿದ್ದ. "ಅಪ್ಪನ ತೋಟ ನೋಡ್ಕೋಬೇಕು ಅನ್ನಿಸ್ತು ಅಂತ ಹೇಳಿದ್ರೆ ಯಾರೂ ನಂಬಲ್ಲ ಚಿಕ್ಕಪ್ಪ. ಕೆಲಸ ಹೋಯ್ತು ಅಂದ್ರೆ ಎಲ್ಲರಿಗೂ ಸಮಾಧಾನ."

ನನಗೂ ಈ ರುಚಿ ಗೊತ್ತು. ಬೆಂಗಳೂರಿನ ದೊಡ್ಡ ಪತ್ರಿಕೆಯೊಂದನ್ನು ಬಿಟ್ಟು ಈ ಸಣ್ಣ ಮಾಸಪತ್ರಿಕೆಗೆ ಬಂದಾಗ "ತೆಗೆದುಹಾಕಿದರಂತೆ" ಎಂದು ಹಬ್ಬಿಸಿದವರಲ್ಲಿ ನನ್ನ ಜತೆ ವರ್ಷಗಟ್ಟಲೆ ಕಾಫಿ ಕುಡಿದವರೂ ಇದ್ದರು. ಹೊರಡುವ ದಿನ ಅಲ್ಲಿನ ಹಿರಿಯರೊಬ್ಬರು ಬೆನ್ನು ತಟ್ಟಿ, "ಅಲ್ಲಿ ಬರೆದದ್ದನ್ನು ಯಾರು ಓದುತ್ತಾರಯ್ಯಾ" ಎಂದರು. ಯಾರು ಎಂದರೆ ನೀವು ಮೇಷ್ಟ್ರೇ. ಅಂಚು ಬಿಡದೆ ಬೈದು ಬರೆಯುವಷ್ಟು ಓದಿದ್ದೀರಿ. ಅಲ್ಲಿದ್ದಷ್ಟೂ ವರ್ಷ ನನಗೆ ಇಂಥ ಒಂದು ಪತ್ರ ಬಂದಿರಲಿಲ್ಲ.

ಮಾರ್ಬರಿಗೆ ಮುಂದೆ ಚೀನಾದ ಕಾಯಂ ವಾಸದ ಕಾರ್ಡೂ ಸಿಕ್ಕಿತು. ಅಲ್ಲಿನ ಜನ ಅದನ್ನೂ ಗ್ರೀನ್ ಕಾರ್ಡ್ ಅನ್ನುವುದುಂಟು. ಗ್ರೀನ್ ಕಾರ್ಡ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ವರನ ಜಾತಕ ತೆರೆಯದೆ ಹೂಂಗುಟ್ಟುವ ನಮ್ಮವರು ಅಮೆರಿಕದವನೊಬ್ಬ ಬೇರೆ ದೇಶದ ಕಾರ್ಡಿಗೆ ಕೈಯೊಡ್ಡಿದ ಎಂದರೆ ಏನೆನ್ನುವರೋ. 2018ರ ಫೆಬ್ರವರಿಯಲ್ಲಿ, ನಲವತ್ತು ದಾಟಿದ ಮೇಲೆ, ಕೊನೆಯ ಪಂದ್ಯವನ್ನೂ ಆ ಲೀಗಿನಲ್ಲೇ ಆಡಿ ಮುಗಿಸಿದ. ಆಮೇಲೆ ಕೋಚ್ ಆದದ್ದೂ ಬೀಜಿಂಗಿನಲ್ಲೇ.

ನಿಮ್ಮ ಪತ್ರದ ಅಂಚಿನಲ್ಲಿ, ಭೂತಗನ್ನಡಿ ಹಿಡಿದು ಓದಿದ್ದು: ಎಪ್ಪತ್ತರ ದಶಕದಲ್ಲಿ ನಿಮಗೂ ಬೆಂಗಳೂರಿನ ಒಂದು ಬ್ಯಾಂಕಿನ ತಂಡದಿಂದ ಕರೆ ಬಂದಿತ್ತು, ಎಂಟು ತಿಂಗಳು ಆಡಿ, ಊರ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದಿರಿ. ಶಾಲೆಯಲ್ಲಿ ಕೋರ್ಟ್ ಇರಲಿಲ್ಲವೆಂದು ಕಬ್ಬಿನ ಲಾರಿಯಲ್ಲಿ ಕಂಬ ತರಿಸಿ ನೀವೇ ನೆಟ್ಟಿರಿ. ನಾಲ್ಕು ಪುಟ ಯಾರಿಗೆ ಕೊಡಬೇಕಿತ್ತೆಂದು ನನಗೀಗ ಗೊತ್ತಾಗಿದೆ. ಫೋಟೊ ಇದ್ದರೆ ಕಳಿಸಿ. ಕಂಬದ ಜತೆ ನಿಂತದ್ದಾದರೆ ಇನ್ನೂ ಒಳ್ಳೆಯದು. ಹೆಸರು ಹಾಕಬೇಡಿ ಎನ್ನುವ ಹಟ ಮಾತ್ರ ಈ ಸಲ ನಡೆಯುವುದಿಲ್ಲ.

ಮಾರ್ಚ್ ಸಂಚಿಕೆ ತಲುಪಿಲ್ಲ ಎಂದಿದ್ದೀರಿ. ಇನ್ನೊಂದು ಪ್ರತಿ ಇಂದೇ ಅಂಚೆಗೆ ಹಾಕಿಸಿದ್ದೇನೆ.

- ಸಂ.