ಆಸ್ಟರಿಸ್ಕ್: ಬದಲಾವಣೆ ಹಿಂದೆಗೆದರೂ ಒಂದೇ ಕಡೆ ಧ್ವನಿ

ಆಸ್ಟರಿಸ್ಕ್ (ಕಚೇರಿಯ ಫೋನ್ ಕರೆಗಳನ್ನು ನಡೆಸುವ ತಂತ್ರಾಂಶ) ಕೋಡಿಗೆ ಮಾಡಿದ ಬದಲಾವಣೆಯನ್ನು ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ರಿವರ್ಟ್ ಮಾಡಿ ಹಿಂದೆಗೆದರೂ ಶಿರಸಿ ಕಚೇರಿಗೆ ಕಾರವಾರದವರ ಧ್ವನಿ ಕೇಳಿಸುತ್ತಿಲ್ಲ ಎಂದಿದ್ದೀರಿ. ಬಹುಶಃ ಓಡುತ್ತಿರುವುದು ಇನ್ನೂ ಆ ಬದಲಾವಣೆ ಇರುವ ಹಳೆಯ ಬಿಲ್ಡ್ (ಕೋಡನ್ನು ಕಂಪೈಲ್ ಮಾಡಿ ಸಿದ್ಧಪಡಿಸಿದ ಪ್ರೋಗ್ರಾಂ). ಗಿಟ್ ರಿವರ್ಟ್ ತಿದ್ದುವುದು ಮೂಲ ಕೋಡನ್ನು ಮಾತ್ರ. ಮತ್ತೆ ಕಂಪೈಲ್ ಮಾಡುವವರೆಗೆ ಶಿರಸಿ ಕಚೇರಿಗೆ ಕಾರವಾರದವರ ಧ್ವನಿ ಕೇಳಿಸದಿರುವುದು ಸಹಜವೇ.

ಮೊದಲು, ಬಿಲ್ಡ್ ಮಾಡುವ ಕೋಡಿನ ಶಾಖೆಯಲ್ಲೇ (ಬ್ರಾಂಚ್) ರಿವರ್ಟ್ ಕಮಿಟ್ (ಹಿಂದೆಗೆದದ್ದರ ದಾಖಲೆ) ಇದೆಯೇ ಎಂದು ಗಿಟ್ ಲಾಗ್‌ನಲ್ಲಿ ನೋಡಿ. ಹಿಂದೆಗೆದದ್ದು ಮರ್ಜ್ ಕಮಿಟ್ (ಎರಡು ಶಾಖೆಗಳನ್ನು ಸೇರಿಸಿದ ದಾಖಲೆ) ಆದರೆ ‘-ಎಂ 1’ (ಮೊದಲ ಶಾಖೆಯೇ ಮುಖ್ಯ ಎಂಬ ಸೂಚನೆ) ಕೊಡದೆ ಗಿಟ್ ಒಪ್ಪುವುದೇ ಇಲ್ಲ; ಆ ದೋಷಸಂದೇಶ ನಿಮ್ಮ ಕಣ್ಣು ತಪ್ಪಿಸಿರಬಹುದು. ಸಿಟ್ಟಿನಲ್ಲಿ ‘ರಿಸೆಟ್ ಹಾರ್ಡ್’ ಮಾತ್ರ ಬೇಡ, ಕಮಿಟ್ ಮಾಡದ ತಿದ್ದುಪಡಿಗಳೂ ಅದರೊಂದಿಗೆ ಹೋಗುತ್ತವೆ. ನಂತರ ಕಂಪೈಲ್ ಮಾಡಲು ‘ಮೇಕ್’, ಸ್ಥಾಪಿಸಲು ‘ಮೇಕ್ ಇನ್‌ಸ್ಟಾಲ್’. ಕೊನೆಗೆ ಆಸ್ಟರಿಸ್ಕ್ ಕನ್ಸೋಲಿನಲ್ಲಿ ‘ಕೋರ್ ರಿಸ್ಟಾರ್ಟ್ ವೆನ್ ಕನ್ವೀನಿಯೆಂಟ್’ ಕೊಡಿ. ಕರೆಗಳೆಲ್ಲ ಮುಗಿದ ಮೇಲಷ್ಟೇ ಅದು ಮರುಪ್ರಾರಂಭವಾಗುತ್ತದೆ. ಅಡಿಕೆ ವ್ಯಾಪಾರದ ಹೊತ್ತಿನಲ್ಲಿ ‘ನೌ’ ಎಂದು ಹಾಕಿ ಎಲ್ಲರ ಕರೆ ಕತ್ತರಿಸಿ ಬೈಸಿಕೊಂಡವನು ನಾನು.

ಇಷ್ಟಾದರೂ ಸರಿಹೋಗದಿದ್ದರೆ ತಪ್ಪು ಕೋಡಿನದ್ದಲ್ಲದಿರಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ರೂಟರಿನ ಹೊರ ಐಪಿ ವಿಳಾಸ ಬದಲಾಗುವುದುಂಟು. ಪಿಜೆಸಿಪ್ (ಆಸ್ಟರಿಸ್ಕ್‌ನಲ್ಲಿ ಕರೆ ಜೋಡಿಸುವ ಭಾಗ) ಸಂರಚನೆಯ ‘ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್’ (ಧ್ವನಿ ಕಳಿಸಲು ಹೊರಗಿನವರಿಗೆ ತಿಳಿಸುವ ವಿಳಾಸ) ಹೊಸ ವಿಳಾಸಕ್ಕೆ ಹೊಂದುತ್ತದೆಯೇ, ಆರ್‌ಟಿಪಿ (ಕರೆಯ ಧ್ವನಿಯನ್ನು ಪ್ಯಾಕೆಟ್‌ಗಳಾಗಿ ಸಾಗಿಸುವ ವಿಧಾನ) ಸಂರಚನೆಯಲ್ಲಿರುವ ಯುಡಿಪಿ ಪೋರ್ಟುಗಳು (ಮಾದರಿ ಕಡತದಲ್ಲಿ 10000ರಿಂದ 20000) ಫೈರ್‌ವಾಲಿನಲ್ಲಿ ತೆರೆದಿವೆಯೇ ನೋಡಿ. ಆಮೇಲೆ ‘ಆರ್‌ಟಿಪಿ ಸೆಟ್ ಡೀಬಗ್ ಆನ್’ ಕೊಟ್ಟು ಒಂದು ಕರೆ ಮಾಡಿ. ಕಾರವಾರ ಕಡೆಯ ಪ್ಯಾಕೆಟ್ ಒಂದೂ ಬರದಿದ್ದರೆ ನೆಟ್‌ವರ್ಕ್ ಕಡೆಯನ್ನೇ ಹಿಡಿಯಿರಿ.