‘ಭಯವಿಲ್ಲದ ಬಾಳು’ ಪ್ರಬಂಧದ ಲೇಖಕರಿಗೆ

ಪ್ರಿಯ ಲೇಖಕರೇ,

ಕಷ್ಟಕಾಲದಲ್ಲಿ ಕ್ರೈಸ್ತ ನಂಬಿಕೆಯಿಂದ ಭಯವನ್ನು ಗೆಲ್ಲುವುದನ್ನು ಕುರಿತು ನೀವು ಕಳುಹಿಸಿದ ಪ್ರಬಂಧವನ್ನು ಗಮನವಿಟ್ಟು ಓದಿದ್ದೇನೆ. ಭಾಷೆ ಶುದ್ಧವಾಗಿದೆ, ಉದ್ದೇಶ ಪ್ರಾಮಾಣಿಕವಾಗಿದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಭಯವನ್ನು ಗೆದ್ದ ಬಗೆಯನ್ನು ಹೇಳಹೊರಟ ಬರಹದಲ್ಲಿ ಭಯವೇ ಎಲ್ಲಿಯೂ ಕಾಣಿಸುವುದಿಲ್ಲ.

ತಂದೆಯವರ ಹೃದಯ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯನ್ನು ‘ಪ್ರಾರ್ಥಿಸಿದೆ, ಭಯ ಮಾಯವಾಯಿತು’ ಎಂದು ಮುಗಿಸಿಬಿಟ್ಟು, ಉಳಿದ ಪುಟಗಳನ್ನೆಲ್ಲ ನಿಜವಾದ ವಿಶ್ವಾಸಿ ಹೆದರುವುದಿಲ್ಲ ಎಂಬ ಉಪದೇಶಕ್ಕೆ ಕೊಟ್ಟಿದ್ದೀರಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಕಳವಳಗೊಂಡು, ಸಾಧ್ಯವಾದರೆ ಆ ಸಂಕಟದ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿಕೊಂಡನಲ್ಲವೇ? ಹೀಗಿರುವಾಗ, ರಾತ್ರಿಯೆಲ್ಲ ನಡುಗುತ್ತ ಪ್ರಾರ್ಥಿಸಿದ ಓದುಗರೊಬ್ಬರಿಗೆ ನಿಮ್ಮ ಮಾತು ತಮ್ಮ ವಿಶ್ವಾಸವೇ ಸುಳ್ಳೆಂಬಂತೆ ಕೇಳಿಸೀತು.

ಬೈಬಲಿನ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ಬರಹಗಾರರ ಕಣ್ಣಿನಿಂದ ಮತ್ತೊಮ್ಮೆ ಓದಿ. ಸೆರೆಯಾಳಾಗಿ ರೋಮಿಗೆ ಹೊರಟ ಅಪೊಸ್ತಲ ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಿ, ಅನೇಕ ದಿನ ಸೂರ್ಯನಾಗಲಿ ನಕ್ಷತ್ರಗಳಾಗಲಿ ಕಾಣದೆ, ಬದುಕುವ ಆಸೆಯೇ ತಪ್ಪಿಹೋಯಿತೆಂದು ಅಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದೆ. ನಾವಿಕರು ಆಳ ಅಳೆಯುವ ಗುಂಡು ಇಳಿಬಿಟ್ಟು ನೋಡಿದಾಗ ನೀರು ಇಪ್ಪತ್ತು ಮಾರು ಆಳವಿತ್ತು. ತುಸು ಮುಂದೆ ಹೋದಮೇಲೆ ಹದಿನೈದು. ಬಂಡೆಗೆ ಬಡಿದೇವೆಂದು ಹೆದರಿ, ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಬಿಟ್ಟು, ಯಾವಾಗ ಬೆಳಗಾದೀತೋ ಎಂದು ಕಾದರು. ಆ ಹೊತ್ತಿನಲ್ಲಿ ಪೌಲನು ಹದಿನಾಲ್ಕು ದಿನದಿಂದ ಊಟ ಬಿಟ್ಟಿದ್ದ ಜನರ ಮುಂದೆ ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಮಾಡಿ, ಮುರಿದು ತಿಂದನು. ಅದನ್ನು ಕಂಡು ಉಳಿದವರೂ ಧೈರ್ಯ ತಂದುಕೊಂಡು ಉಂಡರು. ಗಾಳಿಯಿನ್ನೂ ನಿಂತಿರಲಿಲ್ಲ. ಮರುದಿನ ಹಡಗು ಒಡೆಯಿತು, 276 ಜನರೂ ದಡ ಸೇರಿದರು. ನಂಬಿಕೆ ಭಯದ ನಡುವೆಯೇ ಏನು ಮಾಡಿಸುತ್ತದೆ ಎಂಬುದು ಆ ರೊಟ್ಟಿಯಲ್ಲಿ ಕಾಣುತ್ತದೆ. ನಿಮ್ಮ ಆಸ್ಪತ್ರೆಯ ರಾತ್ರಿಯಲ್ಲಿಯೂ ಅಂಥದ್ದೊಂದು ನಡೆದಿರಲೇಬೇಕು, ಅದನ್ನು ಬರೆಯಿರಿ. ಯಾವ ಕೀರ್ತನೆಯನ್ನು ಓದಿದಿರಿ, ಓದುವಾಗ ಸ್ವರ ಒಡೆಯಿತೇ, ತಂದೆಯವರು ಏನೆಂದರು?

ಇನ್ನೊಂದು ಮಾತು. ತಂದೆಯವರು ಗುಣವಾದುದನ್ನೇ ನಂಬಿಕೆ ಗೆದ್ದುದಕ್ಕೆ ಸಾಕ್ಷಿಯಾಗಿಸಿದ್ದೀರಿ. ತಂದೆಯನ್ನು ಕಳೆದುಕೊಂಡ ಮಗಳೂ ಇದನ್ನು ಓದುತ್ತಾಳೆ, ಅವಳೂ ಅಷ್ಟೇ ಮನಸ್ಸಿಟ್ಟು ಪ್ರಾರ್ಥಿಸಿರುತ್ತಾಳೆ. ದಾನಿಯೇಲನ ಗ್ರಂಥದಲ್ಲಿ ಅರಸನ ವಿಗ್ರಹವನ್ನು ಪೂಜಿಸಲೊಪ್ಪದೆ ಬೆಂಕಿಯ ಆವಿಗೆಯ ಮುಂದೆ ನಿಂತ ಮೂವರು ಯೆಹೂದ್ಯರು ತಮ್ಮ ದೇವರು ಬಿಡಿಸಬಲ್ಲನೆಂದು ಹೇಳಿ ಅಲ್ಲಿಗೇ ನಿಲ್ಲಿಸದೆ, ಬಿಡಿಸದೆ ಹೋದರೂ ಅದಕ್ಕೆ ಅಡ್ಡಬೀಳುವುದಿಲ್ಲ ಎಂದರು. ನಿಮ್ಮ ಪ್ರಬಂಧಕ್ಕೆ ಆ ಎರಡನೆಯ ಮಾತು ಬೇಕು.

‘ಭಯಪಡಬೇಡ’ ಎಂಬ ಮಾತು ಬೈಬಲಿನಲ್ಲಿ ದಿನಕ್ಕೊಂದರಂತೆ 365 ಸಲ ಇದೆ ಎಂಬ ವಾಕ್ಯವನ್ನು ತೆಗೆದುಹಾಕಿ. ಪ್ರಸಂಗಗಳಲ್ಲಿ ಆಗಾಗ ಕೇಳಿಬಂದರೂ ಎಣಿಸಿದರೆ ಆ ಲೆಕ್ಕ ಸಿಗುವುದಿಲ್ಲ. ಉಪದೇಶದ ಭಾಗವನ್ನು ಅರ್ಧ ಪುಟಕ್ಕೆ ಇಳಿಸಿ, ಆ ರಾತ್ರಿಗೆ ಬೇಕಾದಷ್ಟು ಜಾಗ ಕೊಟ್ಟು ಬರೆದು ಕಳುಹಿಸಿದರೆ ನಾನೇ ಓದುತ್ತೇನೆ.

ಇಂತಿ,
ಸಂಪಾದಕ